ಒರೆಸಿ ಬರೆದ ಅಂಕಿ

ನಮ್ಮ ಶಾಲೆಯ ಗೇಟಿನ ಫಲಕದಿಂದ ಹಿಡಿದು ನೀರಿನ ಟ್ಯಾಂಕಿನ ಮೇಲಿನ ‘ನಲ್ಲಿ ಮುಚ್ಚಿರಿ’ಯವರೆಗೆ ಎಲ್ಲವೂ ಡ್ರಾಯಿಂಗ್ ಮೇಷ್ಟ್ರ ಕೈಬರಹವೇ. ನಾನು ಹೆಡ್‌ಮಾಸ್ಟರಾಗಿದ್ದಾಗ ಕೆಲಸಕ್ಕೆ ಸೇರಿದ ಹುಡುಗ. ಹಾಗಾಗಿ ಅವನ ವಿಷಯದಲ್ಲಿ ಏಕವಚನ ನನ್ನ ನಾಲಿಗೆಗೆ ಅಂಟಿಕೊಂಡಿದೆ. ಸೇರಿದ ವರ್ಷವೇ ತಂದೆ ಹೋದರು. ಅವನಿಗೆ ಇಪ್ಪತ್ತೆರಡು, ತಮ್ಮನಿಗೆ ಆರು. ದಿನವೂ ತಮ್ಮನ ತಲೆ ಬಾಚಿ, ಅಂಗಿಯ ಗುಂಡಿ ಹಾಕಿ, ಕೈ ಹಿಡಿದು ಶಾಲೆಗೆ ಕರೆತರುತ್ತಿದ್ದ. ಆ ತಮ್ಮ ಬೆಳೆದು ಪಂಕ್ಚರ್ ಅಂಗಡಿ ಹಾಕಿದ ಮೇಲೂ ಇಬ್ಬರಿಗೂ ಒಂದೇ ಮನೆ, ಒಂದೇ ಒಲೆ.

ಹೀಗಿರುವಾಗ ಬಂದ ನಗರಸಭೆ ಚುನಾವಣೆಯಲ್ಲಿ ಕಂಟ್ರಾಕ್ಟರಿಗೂ ಔಷಧಿ ಅಂಗಡಿಯವರಿಗೂ ನೇರ ಪೈಪೋಟಿ. ತಮ್ಮ ಔಷಧಿ ಅಂಗಡಿಯವರಿಗಾಗಿ ಎರಡು ತಿಂಗಳು ಚಪ್ಪಲಿ ಸವೆಸಿದ್ದ. ಎಣಿಕೆ ನಡೆದದ್ದು ನಮ್ಮ ಶಾಲೆಯ ಸಭಾಂಗಣದಲ್ಲಿ. ಒಳಗಿನಿಂದ ಬರುವ ಚೀಟಿ ನೋಡಿ ಹೊರಗಿನ ಕರಿಹಲಗೆಯ ಮೇಲೆ ಅಂಕಿ ಬರೆಯುವ ಕೆಲಸ, ಅಕ್ಷರ ಚೆಂದವೆಂದು, ಅಣ್ಣನ ಪಾಲಿಗೆ ಬಂತು.

ನಾಲ್ಕನೆಯ ಸುತ್ತಿನವರೆಗೂ ಕಂಟ್ರಾಕ್ಟರೇ ಮುಂದು. ಐದನೆಯ ಸುತ್ತಿನ ಚೀಟಿ ಬಂದಾಗ ಡ್ರಾಯಿಂಗ್ ಮೇಷ್ಟ್ರು ಒಬ್ಬರ ಅಂಕಿಯನ್ನು ಇನ್ನೊಬ್ಬರ ಸಾಲಿನಲ್ಲಿ ಬರೆದುಬಿಟ್ಟ. ಔಷಧಿ ಅಂಗಡಿಯವರು ನೂರ ಮೂವತ್ತೈದು ಮತ ಮುಂದೆ! ಗೇಟಿನಾಚೆ ಕೂಗೋ ಕೂಗು. ತಮ್ಮ ಯಾರದೋ ಹೆಗಲೇರಿ ಮೊಬೈಲಿನಲ್ಲಿ ಹಲಗೆಯನ್ನು ಚಿತ್ರೀಕರಿಸುತ್ತಿದ್ದ. “ನಮ್ಮಣ್ಣನ ಕೈ ನೋಡ್ರೋ! ಹೆಂಗೆ ಬರೆದವ್ನೆ!” ಎಂದು ಅವನು ಕಿರುಚಿದ್ದು ಅಲ್ಲೇ ನಿಂತಿದ್ದ ನನಗೂ ಕೇಳಿಸಿತು.

ಮೂರು ನಿಮಿಷವಾಗಿರಬಹುದು. ಅಣ್ಣ ಚೀಟಿಯನ್ನು ಮತ್ತೊಮ್ಮೆ ನೋಡಿದ. ಒದ್ದೆ ಬಟ್ಟೆಯಿಂದ ಎರಡೂ ಅಂಕಿ ಒರೆಸಿದ. ಸಾಲು ಬದಲಿಸಿ ಬರೆದ.

ತಪ್ಪಾದರೆ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕೆಂದು ಎಣಿಕೆಯ ಅಧಿಕಾರಿ ಬೆಳಿಗ್ಗೆಯೇ ಹೇಳಿದ್ದರು. ಆದರೆ ಹಲಗೆಯ ಮೇಲೆ ಗೀಚು ಉಳಿಸುವುದು ಅವನಿಗೆ ಬರುತ್ತಿರಲಿಲ್ಲ. ತಪ್ಪು ಕಣ್ಣೆದುರಿಗಿದ್ದರೆ ಮಕ್ಕಳು ಅದನ್ನೇ ಬರೆದುಕೊಳ್ಳುತ್ತಾರೆ, ಪೂರ್ತಿ ಒರೆಸಿ ಬರೆಯಪ್ಪಾ ಎಂದು ಅವನಿಗೆ ಕಲಿಸಿದವನು ನಾನೇ.

ಕಂಟ್ರಾಕ್ಟರು ಗೆದ್ದರು. ಸಂಜೆಯೊಳಗೆ ಒರೆಸುವ ಕೈಯ ಚಿತ್ರ ಊರಿಗೆಲ್ಲ ಹಬ್ಬಿತು. ‘ಒರೆಸೋ ಮೇಷ್ಟ್ರು’ ಎಂಬ ಹೆಸರು ಬಿತ್ತು. ಟೀ ಅಂಗಡಿಯವನೂ ಗ್ಲಾಸು ಕೊಡುತ್ತ, “ಟೇಬಲ್ ಒರೆಸ್ತೀರಾ ಮೇಷ್ಟ್ರೇ? ನಿಮ್ಮ ಕೈ ಚುರುಕು!” ಎಂದ. ಮನೆಯ ಕಿಟಕಿಗೆ ಕಲ್ಲು ಬಿತ್ತು.

ಅದನ್ನೂ ತಡೆದುಕೊಳ್ಳುತ್ತಿದ್ದನೇನೋ. ಮೂರನೆಯ ದಿನ ಕಂಟ್ರಾಕ್ಟರ ಕಡೆಯವರು ಮನೆಗೇ ಬಂದರು, ಕೈಯಲ್ಲಿ ಸಿಹಿಯ ಡಬ್ಬ.

“ನಿಮ್ಮ ಉಪಕಾರ ಮರೆಯೋರಲ್ಲ ನಾವು.”

“ಯಾವ ಉಪಕಾರ? ನಾನು ತಪ್ಪು ಬರೆದೆ, ತಿದ್ದಿದೆ. ಅಷ್ಟೇ.”

“ಅಯ್ಯೋ, ಹಂಗೇ ಹೇಳಿ, ಹಂಗೇ ಹೇಳಿ,” ಎಂದು ಕಣ್ಣು ಮಿಟುಕಿಸಿ ಡಬ್ಬವನ್ನು ಮೇಜಿನ ಮೇಲಿಟ್ಟು ಹೋದರು.

ತಮ್ಮ ಬಾಗಿಲಲ್ಲೇ ನಿಂತಿದ್ದ. ಅಣ್ಣ ಡಬ್ಬವನ್ನು ಬೀದಿಗೆಸೆದ. “ನಾನು ನೋಡ್ತಿದೀನಿ ಅಂತ ಎಸೆದ್ಯಾ?” ಎಂದ ತಮ್ಮ. ಅಂದೇ ಬಟ್ಟೆ ಗಂಟು ಕಟ್ಟಿಕೊಂಡು ತನ್ನ ಪಂಕ್ಚರ್ ಅಂಗಡಿಗೆ ಹೊರಟುಹೋದ.

ಮರುಎಣಿಕೆಯಾಯಿತು. ಫಲಿತಾಂಶ ಅದೇ. ಎಣಿಸಿದವರೇ ಕಳ್ಳರು ಎಂದರು ಸೋತವರು. ಇನ್ನೂ ಹತ್ತು ಸಲ ಎಣಿಸಿ ಎಂದು ನಕ್ಕರು ಗೆದ್ದವರು. ಅಣ್ಣನ ಮೇಲೆ ಹೋದ ದೂರಿನ ವಿಚಾರಣೆಗೆ ಬಂದ ಅಧಿಕಾರಿ ಚಿತ್ರ ತೆಗೆದ ತಮ್ಮನನ್ನೂ ಕರೆಸಿದರು. ಅಣ್ಣನ ಜೊತೆಗೆ ನಾನು ಹೋಗಿದ್ದೆ. ಅಣ್ಣನ ಮುಖದಲ್ಲಿ ಅಂದು ಸ್ವಲ್ಪ ಕಳೆಯಿತ್ತು. “ಅವನೊಬ್ಬ ನಂಬಿದರೆ ಸಾಕು ಸಾರ್, ಊರಿನ ಮಾತು ಹಾಳಾಗಲಿ,” ಎಂದಿದ್ದ.

“ನಿಮ್ಮನ್ನ ಸಾಕಿದ ಅಣ್ಣ. ಇವರು ಮೋಸ ಮಾಡೋ ಮನುಷ್ಯರಾ?” ಎಂದು ಅಧಿಕಾರಿ ಕೇಳಿದರು.

ತಮ್ಮ ಬೆರಳಿಗೆ ಅಂಟಿದ ಕರಿ ಎಣ್ಣೆಯನ್ನು ಉಜ್ಜುತ್ತ ಕುಳಿತ. ಆಮೇಲೆ, “ಗೊತ್ತಿಲ್ಲ ಸಾರ್,” ಎಂದ.

ಅಣ್ಣ ತಲೆಯೆತ್ತಲಿಲ್ಲ. ಸಹಿ ಹಾಕುವ ಜಾಗವನ್ನು ಗುಮಾಸ್ತರು ಎರಡು ಸಲ ತೋರಿಸಬೇಕಾಯಿತು.

ತಿಂಗಳ ಮೇಲೆ ತೀರ್ಪಿನ ಕಾಗದ ಬಂತು. ದುರುದ್ದೇಶ ಕಂಡುಬಂದಿಲ್ಲ, ನಿರ್ಲಕ್ಷ್ಯಕ್ಕೆ ಎಚ್ಚರಿಕೆ. ನಾನೇ ಓದಿ ಹೇಳಿ, “ಗೆದ್ದೆಯಲ್ಲಪ್ಪಾ,” ಎಂದೆ.

“ತಮ್ಮ ಹೇಳಿದ್ದನ್ನೂ ಬರೆದಿದ್ದಾರಾ ಸಾರ್?”

ಎರಡನೆಯ ಪುಟದಲ್ಲಿತ್ತು. ಹೌದೆಂದೆ.

“ಹಾಗಾದರೆ ಇದು ಮನೆಯಲ್ಲಿರೋದು ಬೇಡ. ನೀವೇ ಇಟ್ಟುಕೊಳ್ಳಿ. ನಾಳೆ ಅವನು ವಾಪಸ್ ಬಂದಾಗ ಕಣ್ಣಿಗೆ ಬೀಳಬಾರದು.”

ಕಾಗದ ನನ್ನ ಬೀರುವಿನಲ್ಲೇ ಇದೆ. ಏಳು ವರ್ಷವಾಯಿತು. ತಮ್ಮ ಇನ್ನೂ ಬಂದಿಲ್ಲ.