ಗ್ಯಾಸ್ ಒಲೆಯ ಹೊಗೆ

ಅವನಿಗೆ ನಾವು ಚನ್ನಗಿರಿ ತೋರಿಸಲಿಲ್ಲ. ನಮ್ಮ ನಮ್ಮ ಜಗಲಿ ತೋರಿಸಿ ವಾಪಸ್ ಕಳಿಸಿದೆವು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನಮ್ಮ ಬೀದಿಯವರು ವಾರದಿಂದ ಕೊಚ್ಚಿಕೊಳ್ಳುತ್ತಿರುವ ಬಡಾಯಿ.

ಹೋದ ಭಾನುವಾರ ದಾವಣಗೆರೆ ಬಸ್ಸಿನಿಂದ ಒಬ್ಬ ಹುಡುಗ ಇಳಿದ. ಹೆಸರು ಡೇವಿಡ್, ಕೀನ್ಯಾ ದೇಶದವನು. ದಾವಣಗೆರೆಯಲ್ಲಿ ಎರಡು ವರ್ಷದಿಂದ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜಾ ದಿನ ಹೊಸ ಊರು ನೋಡೋಣ ಎಂದು ಒಬ್ಬನೇ ಹೊರಟಿದ್ದ. ಕೊರಳಿಗೆ ಕ್ಯಾಮೆರಾ. ಬೆಳಿಗ್ಗೆಯೇ ಗುಡ್ಡ ಹತ್ತಿ ಕೋಟೆ ನೋಡಿದ. ಇಳಿದು ನಮ್ಮ ಬೀದಿಗೆ ಬಂದ.

ಅಲ್ಲಿಗೆ ಅವನು ಊರು ನೋಡುವುದು ಮುಗಿಯಿತು. ಊರು ಅವನನ್ನು ನೋಡುವುದು ಶುರುವಾಯಿತು.

ನಾನು ಜಗಲಿ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದೆ. (ನನ್ನ ಕಣ್ಣಿಗೆ ಕಲ್ಲು ಕಾಣುವುದು ಕಡಿಮೆ. ಬೀದಿ ಚೆನ್ನಾಗಿ ಕಾಣುತ್ತದೆ.) ಮೊದಲು ಹಿಡಿದದ್ದು ಅಡಿಕೆ ವ್ಯಾಪಾರದ ರುದ್ರಣ್ಣ. ಒಳಗಿನಿಂದ ಕಬ್ಬಿಣದ ಕುರ್ಚಿ ತರಿಸಿ ಜಗಲಿಯಲ್ಲಿ ಹಾಕಿಸಿದ.

"ಬರ್ರಿ ಸಾಹೇಬ್ರೇ! ಕಾಫಿ ಕುಡೀದೆ ಹೋಗಾಕೆ ಬಿಡೋದಿಲ್ಲ."

ಹುಡುಗ ಕುಡಿದ. ಆಮೇಲೆ ಕೇಳಿದ, ಅದೂ ಕನ್ನಡದಲ್ಲಿ: "ಅಣ್ಣಾರೇ, ಒಂದು ಫೋಟೋ ಬೇಕಿತ್ರಿ. ನಿಮ್ಮನೆ ಒಲೆದು."

"ಒಲೆದಾ?"

"ನಮ್ಮಮ್ಮ ಪ್ರತಿ ಕಾಗದದಾಗೂ ಅದೇ ಕೇಳ್ತಾಳ್ರಿ. ಅಲ್ಲಿ ಮನೆಯಾಗೆ ಹೆಂಗೆ ಅಡಿಗೆ ಮಾಡ್ತಾರೆ, ಕಳಿಸು ಅಂತ."

ಹಾಸ್ಟೆಲ್ ಒಲೆಯ ಫೋಟೋ ಒಮ್ಮೆ ಕಳಿಸಿದ್ದನಂತೆ. ಆಳೆತ್ತರದ ಹಂಡೆ ನೋಡಿ ಆ ತಾಯಿ ಗಾಬರಿಯಾದಳಂತೆ. ಮಗ ದೂರದಲ್ಲಿ ಒಂದು ಮನೆಯ ಊಟ ಕಾಣುತ್ತಾನೋ ಇಲ್ಲವೋ? ಅವಳಿಗೆ ಬೇಕಾದದ್ದು ಅಷ್ಟೇ.

"ಒಲೆ ಏನ್ ನೋಡ್ತೀರಿ, ನಮ್ಮ ಸ್ಕೂಟರ್ ನೋಡ್ರಿ!" ಎಂದ ರುದ್ರಣ್ಣ. ಸ್ಕೂಟರ್ ಪಕ್ಕ ಎದೆ ಉಬ್ಬಿಸಿ ನಿಂತೂಬಿಟ್ಟ.

ಎರಡನೇ ಮನೆಯಲ್ಲಿ ಒಳಗೆ ಕತ್ತಲೆಯಂತೆ. ಮೂರನೆಯದರಲ್ಲಿ ಪೂಜೆಯಂತೆ. (ಆ ಮನೆಯಲ್ಲಿ ಹಬ್ಬದ ದಿನ ದೀಪ ಹಚ್ಚಿದರೆ ಹೆಚ್ಚು.) ನಾಲ್ಕನೆಯದರಲ್ಲಿ ಸುಣ್ಣ ಬಳಿಯುತ್ತಿದ್ದಾರಂತೆ. ಎಲ್ಲ ಕಡೆಯೂ ಕುರ್ಚಿ, ಎಲ್ಲ ಕಡೆಯೂ ಕಾಫಿ, ಎಲ್ಲ ಕಡೆಯೂ ಮನೆಮಂದಿಯ ಫೋಟೋ. ಹೊಸಿಲು ದಾಟಿಸಿದವರು ಮಾತ್ರ ಒಬ್ಬರೂ ಇಲ್ಲ. ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳಲ್ಲ ಎಂದು ಸ್ವಾಮಿಗಳು ಹೇಳುವಾಗ ಮಠದಲ್ಲಿ ಮುಂದಿನ ಸಾಲಿನಲ್ಲಿ ಕೂತು ತಲೆ ತೂಗುವವರು ನಾವೇ. ತೂಗಿದ್ದು ನಿದ್ದೆಗೇನೋ.

ಏಳನೆಯದು ನಮ್ಮ ಮನೆ. ನಾನು ಬೇರೆ ಅಂದುಕೊಂಡಿರಾ?

ನಮ್ಮ ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಗೂಡಿದೆ. ಅದರಲ್ಲೊಂದು ಗಾಜಿನ ಲೋಟ. ಹೊರಗಿನಿಂದ ಬಂದವರಿಗೆ. ಕುಡಿದವರೇ ತೊಳೆದಿಡಬೇಕು. ನಿಮ್ಮ ಮನೆಯಲ್ಲೂ ಇದೆ, ಸುಮ್ಮನಿರಿ. ಸೊಸೆ ಗಿರಿಜಾ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ನಾನು ಕಣ್ಣಿನಲ್ಲೇ ಗೂಡು ತೋರಿಸಿದೆ.

ಹುಡುಗ ಕಾಫಿಯ ಲೋಟ ಹಿಡಿದು ಕೇಳಿದ: "ಅಜ್ಜೀ, ಒಲೆ ಫೋಟೋ ಒಂದು ತಕ್ಕೊಳ್ಳಲಾ? ರೀಲಿನಾಗೆ ಒಂದೇ ಉಳಿದೈತೆ."

"ಒಳಗೆ ಹೊಗೆ ಐತಪ್ಪಾ" ಎಂದೆ.

ಮಧ್ಯಾಹ್ನ ಮೂರು ಗಂಟೆ. ಅದೂ ಗ್ಯಾಸ್ ಒಲೆ. ಹೋದ ತಿಂಗಳು ಅದು ಬಂದಾಗ ಇಡೀ ಬೀದಿಯನ್ನು ಒಳಗೆ ಕರೆದು ತೋರಿಸಿದವಳು ನಾನೇ.

ಅವನು ನಕ್ಕ. "ಏಳು ಮನೆ ಆದ್ವು ಅಜ್ಜಿ. ಏಳರಾಗೂ ನಂಗೆ ಗಾಜಿನ ಲೋಟ, ಮನೆಯೋರಿಗೆ ಸ್ಟೀಲು. ಸ್ಟೀಲಿನಾಗೆ ರುಚಿ ಬೇರೆ ಇರತೈತಾ?"

"ಎಲ್ಲಾ ಒಂದೇ, ಕುಡಿ."

ಕುಡಿದ. ಎದ್ದ. ಮೆಟ್ಟಿಲ ಪಕ್ಕದ ಬಕೆಟ್ಟಿನ ನೀರಿನಲ್ಲಿ ಲೋಟ ತೊಳೆದು, ಗೂಡಿನಲ್ಲಿ ಬೋರಲಿಟ್ಟ.

ಯಾರೂ ಹೇಳಿರಲಿಲ್ಲ. ದಾವಣಗೆರೆಯಲ್ಲಿ ಅವನು ಬರೀ ಇಂಜಿನಿಯರಿಂಗ್ ಕಲಿತಿಲ್ಲ.

"ಫೋಟೋ ಬೇಕಾದ್ರೆ ಕಾರ್ಡ್ ಹಾಕ್ರಿ" ಎಂದು ಹಾಸ್ಟೆಲ್ ವಿಳಾಸದ ಚೀಟಿ ಕೊಟ್ಟ. ಬೀದಿಗಿಳಿದು, ತಿರುಗಿ, ಕ್ಯಾಮೆರಾ ನಮ್ಮ ಬಾಗಿಲಿಗೆ ಹಿಡಿದು ಆ ಕೊನೆಯ ಫೋಟೋ ತೆಗೆದ. ಎರಡು ವರ್ಷ ಕಾದ ತಾಯಿಗೆ ಕೀನ್ಯಾದಲ್ಲಿ ಸಿಗುವುದು ಅದೇ. ಒಂದು ಬಾಗಿಲು, ಪಕ್ಕದಲ್ಲಿ ಒಂದು ಲೋಟ.

ಸಂಜೆ ರುದ್ರಣ್ಣ ಬಂದು, "ಎಂಥ ಮರ್ಯಾದೆ ಮಾಡಿದ್ವಿ ನೋಡು ಅಕ್ಕಾ, ಆ ಹುಡುಗ ಜನ್ಮದಾಗೆ ಮರೆಯಲ್ಲ" ಎಂದ.

"ಹೌದಪ್ಪಾ, ಮರೆಯಲ್ಲ" ಎಂದೆ.

ಮರುದಿನ ಬೆಳಿಗ್ಗೆ ಗೂಡಿನಿಂದ ಆ ಲೋಟ ತೆಗೆದು ಗಿರಿಜಾಳ ಮುಂದೆ ಇಟ್ಟೆ. "ನನ್ನ ಕಾಫಿ ಇದಕ್ಕೆ ಹಾಕು."

"ಅತ್ತೇ, ಅದು ಹೊರಗಿಂದು!"

"ಗೊತ್ತೈತೆ. ಹಾಕು."

ರುದ್ರಣ್ಣನಿಗೆ ಕಾಣುವ ಹಾಗೆ ಜಗಲಿಯಲ್ಲಿ ಕೂತು ಕುಡಿದೆ. ತೊಳೆದು, ಒಳಗೆ ಸ್ಟೀಲ್ ಲೋಟಗಳ ಸಾಲಿಗೆ ಸೇರಿಸಿದೆ. ಆಮೇಲೆ ನಾಲ್ಕನೇ ಕ್ಲಾಸಿನಲ್ಲಿ ಕಲಿತ ಅಕ್ಷರದಲ್ಲಿ ಚೀಟಿಯ ವಿಳಾಸಕ್ಕೆ ಒಂದು ಕಾರ್ಡು ಬರೆದು, ನಾನೇ ಹೋಗಿ ಡಬ್ಬಿಗೆ ಹಾಕಿ ಬಂದೆ.

"ಒಳಗೆ ಹೊಗೆ ಇರಲಿಲ್ಲ. ಬಾ."