ಕುಂಕುಮ ಹತ್ತಿದ ಪೆನ್‌ಡ್ರೈವ್

ಪೆನ್‌ಡ್ರೈವಿನ ಮುಚ್ಚಳದ ಸಂದಿಯಲ್ಲಿ ಕುಂಕುಮ ಇನ್ನೂ ಹಾಗೇ ಇತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ. ಹೋದ ವಾರ ಹೊಳೆಹೊನ್ನೂರಿನ ಹತ್ತಿರದ ನಮ್ಮ ಶಾಲೆಗೆ ಕಾಲೇಜು ಓದುವ ಹುಡುಗಿಯೊಬ್ಬಳು ಬಂದು, ಇದನ್ನೂ ಒಂದು ಹಳೆಯ ನೋಟ್‌ಬುಕ್ಕನ್ನೂ ನನ್ನ ಮೇಜಿನ ಮೇಲಿಟ್ಟು, ಅಮ್ಮ ನಿಮಗೆ ಕೊಡೋಕೆ ಹೇಳಿದ್ರು ಎಂದಳು. ಆ ಕಣ್ಣು ನೋಡಿದ ಕೂಡಲೇ ಯಾರ ಮಗಳೆಂದು ತಿಳಿಯಿತು. ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಗಿತ್ತಂತೆ. ನನಗೆ ಸುದ್ದಿಯೇ ಇರಲಿಲ್ಲ. ಇರುವುದಾದರೂ ಹೇಗೆ, ನಾನು ಒಂದು ಫೋನಾದರೂ ಮಾಡಿದ್ದರಲ್ಲವೇ...

ಒಡಹುಟ್ಟಿದ ಅಕ್ಕ ಅಲ್ಲ. ಶಿವಮೊಗ್ಗದಲ್ಲಿ ನಾನು ಬಿ.ಎಡ್. ಓದುವಾಗ ಜೊತೆಗಿದ್ದವರು. ನಾವೆಲ್ಲ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿಯರು, ಅವರಿಗೆ ಮೂವತ್ತೆಂಟು. ಹಾಗಾಗಿ ಇಡೀ ತರಗತಿಗೇ ಅಕ್ಕ. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಗಂಡನ ಕಾರ್ಖಾನೆಯ ಗುತ್ತಿಗೆ ಕೆಲಸ ನಿಂತು, ಮನೆಯ ಭಾರ ಇವರ ತಲೆಗೆ ಬಂದಿತ್ತು. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಇಂಗ್ಲಿಷ್ ಪಾಠ ಮಾಡಿದ್ದವರು. ಬಿ.ಎಡ್. ಮುಗಿಸಿ, ಸ್ಮಾರ್ಟ್ ಬೋರ್ಡಿನಲ್ಲಿ ಪಾಠ ಮಾಡುವುದನ್ನು ಕಲಿತು ಬಂದರೆ ಮಾತ್ರ ಮತ್ತೆ ಕೆಲಸ ಎಂದು ಆ ಶಾಲೆಯವರು ಹೇಳಿ ಕಳಿಸಿದ್ದರು.

ಇಂಗ್ಲಿಷೇನೋ ಅವರಿಗೆ ಸಲೀಸು. ಒಂದು ಪುಟ ಜೋರಾಗಿ ಓದಿದರೆ ನಮ್ಮ ಮೇಷ್ಟರುಗಳೇ ಸುಮ್ಮನೆ ಕೂತು ಕೇಳುತ್ತಿದ್ದರು. ಆದರೆ ಕಂಪ್ಯೂಟರಿನ ಮುಂದೆ ಕೂತರೆ ಅದೇ ಅಕ್ಕ ಯಾವ ಗುಂಡಿ ಒತ್ತಬೇಕೆಂದು ತಡವರಿಸುತ್ತಿದ್ದರು. ದೋಸೆ ಕಾವಲಿಗೆ ಈರುಳ್ಳಿ ಉಜ್ಜುವ ಹಾಗೆ ಮೌಸನ್ನು ಗರಗರ ಉಜ್ಜುತ್ತಿದ್ದರು. ನಾನು ನಕ್ಕರೆ ಅವರೂ ನಗುತ್ತಿದ್ದರು. ಕಲಿತದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಅವರ ಪದ್ಧತಿ. ಹೆಜ್ಜೆ ಒಂದು, ಸ್ವಿಚ್ ಹಾಕುವುದು. ಹೆಜ್ಜೆ ಎರಡು, ಹೆದರದೆ ಕಾಯುವುದು. ಆಯುಧಪೂಜೆಯ ದಿನ ಮನೆಯಲ್ಲಿ ಹೊಲಿಗೆ ಮಷೀನಿನ ಪಕ್ಕ ಹೊಸ ಪೆನ್‌ಡ್ರೈವನ್ನೂ ಇಟ್ಟು ಕುಂಕುಮ ಹಚ್ಚಿಕೊಂಡು ಬಂದಿದ್ದರು. ಒಳಗೆ ಕುಂಕುಮ ಹೋದರೆ ಕೆಡುತ್ತೆ ಅಕ್ಕ ಎಂದು ನಾನು ಗದರಿದ್ದೆ. ಒಂದು ವಾರ ಅದನ್ನೇ ಹೇಳಿಕೊಂಡು ಎಲ್ಲರನ್ನೂ ನಗಿಸಿದೆ.

ನನಗೆ ತಾಳ್ಮೆ ಕಡಿಮೆ. ಅವರು ಒಂದು ಅಕ್ಷರ ಹುಡುಕುವಷ್ಟರಲ್ಲಿ ನನ್ನ ಕೈ ಕೀಬೋರ್ಡಿಗೆ ಹೋಗಿಬಿಡುತ್ತಿತ್ತು. ಕೊನೆಯ ಪ್ರಾಯೋಗಿಕ ಪಾಠ ಹತ್ತಿರ ಬಂದಾಗ, ಬಿಡಿ, ಸ್ಲೈಡುಗಳನ್ನೆಲ್ಲ ನಾನೇ ಮಾಡಿಕೊಡುತ್ತೇನೆ ಎಂದೆ.

"ನೀನು ಮಾಡ್ಕೊಟ್ರೆ ನಂಗೆ ಯಾವಾಗ ಬರೋದು ಮಾರಾಯ್ತಿ?" ಎಂದರು.

ಆದರೆ ದಿನ ಉಳಿದಿರಲಿಲ್ಲ, ಒಪ್ಪಿಕೊಂಡರು. ಹೊಳೆ ದಾಟಿಸುವ ಅಂಬಿಗನೊಬ್ಬನ ಪಾಠ. ದೋಣಿ, ಹುಟ್ಟು, ದಡ... ಇಂಗ್ಲಿಷ್ ಪದ, ಪಕ್ಕದಲ್ಲಿ ಚಿತ್ರ, ಕೆಳಗೆ ಕನ್ನಡದ ಅರ್ಥ. ಕಾಲೇಜಿನ ಲ್ಯಾಬಿನಲ್ಲಿ ಕೂತು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟೆ. ನಮ್ಮ ಪಾಠ ಇದ್ದದ್ದು ಅವರಿಗೆ ಕೆಲಸ ಕೊಡಬೇಕಾದ ಅದೇ ಭದ್ರಾವತಿಯ ಶಾಲೆಯಲ್ಲಿ. ಹಿಂದಿನ ದಿನ ಅಲ್ಲಿಗೆ ಹೋಗಿ ಒಂದು ಸಲ ಹಾಕಿ ನೋಡೋಣ ಎಂದು ಅಕ್ಕ ಎರಡೆರಡು ಸಲ ಕೇಳಿದರು. ನನಗೆ ದುರ್ಗಿಗುಡಿಯ ಟೈಲರ್ ಅಂಗಡಿಯಿಂದ ಬ್ಲೌಸ್ ತರಬೇಕಿತ್ತು. ಪಾಠದ ದಿನ ಉಡುವ ಸೀರೆಗೆ. "ಏನೂ ಆಗಲ್ಲ ಅಕ್ಕ, ನಾನಿದೀನಲ್ಲ" ಎಂದೆ. ಈ ಮಾತು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಾರನೆಯ ದಿನ ತರಗತಿಯ ಹಿಂದೆ ಪರೀಕ್ಷಕರು, ಆ ಶಾಲೆಯ ಮುಖ್ಯಸ್ಥರು, ಕೊನೆಯ ಬೆಂಚಿನಲ್ಲಿ ನಾನು. ಅಕ್ಕ ಹೆಜ್ಜೆ ತಪ್ಪದೆ ಸ್ವಿಚ್ ಹಾಕಿದರು, ಕಾದರು, ಪೆನ್‌ಡ್ರೈವ್ ಚುಚ್ಚಿದರು. ದೋಣಿಯ ಚಿತ್ರ ಬಂತು. ಕನ್ನಡ ಇರಬೇಕಾದ ಕಡೆಯೆಲ್ಲ ಸೊಟ್ಟ ಗೆರೆ, ತಲೆಯ ಮೇಲೆ ಚುಕ್ಕೆ ಹೊತ್ತ ಯಾವುದೋ ದೇಶದ ಅಕ್ಷರ. ನಾನು ಬಳಸಿದ ಕನ್ನಡ ಫಾಂಟ್ ಲ್ಯಾಬಿನ ಕಂಪ್ಯೂಟರಿನಲ್ಲಿತ್ತು, ಈ ಶಾಲೆಯದರಲ್ಲಿ ಇರಲಿಲ್ಲ. ಅದನ್ನೂ ಜೊತೆಗೆ ಹಾಕಿಕೊಡಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಮಕ್ಕಳು ಕಿಸಕ್ಕನೆ ನಕ್ಕರು. ಅಕ್ಕ ಇನ್ನೊಂದು ಸ್ಲೈಡ್ ತೆಗೆದರು, ಅದೂ ಹಾಗೇ. ಆಗ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಪುಸ್ತಕದಲ್ಲಿ ಏನೋ ಬರೆಯುವವಳ ಹಾಗೆ ತಲೆ ತಗ್ಗಿಸಿದೆ.

ಅಕ್ಕ ಬೋರ್ಡು ಆರಿಸಿ, ವ್ಯಾನಿಟಿ ಬ್ಯಾಗಿನಿಂದ ಚಾಕ್‌ಪೀಸ್ ತೆಗೆದು, ಪಕ್ಕದ ಕರಿಹಲಗೆಯ ಮೇಲೆ ದೋಣಿ ಬರೆದರು. ಭದ್ರಾ ಹೊಳೆಯಲ್ಲಿ ದೋಣಿ ಹತ್ತಿದವರು ಯಾರ್ಯಾರು ಎಂದು ಕೇಳಿದರು. ಐದು ನಿಮಿಷದಲ್ಲಿ ತರಗತಿ ಅವರ ಕೈಯಲ್ಲಿತ್ತು. ಅಷ್ಟು ಚೆನ್ನಾದ ಪಾಠವನ್ನು ನಾನು ಆಮೇಲೆ ಕೇಳಿಲ್ಲ. ಆದರೆ ಆ ದಿನ ಅವರು ನೋಡಲು ಬಂದದ್ದು ಸ್ಮಾರ್ಟ್ ಬೋರ್ಡಿನ ಪಾಠವನ್ನಲ್ಲವೇ. ಪಾಠ ಮುಗಿದ ಮೇಲೆ, ಮುಖ್ಯಸ್ಥರ ಎದುರಿಗೇ, ಈ ಸ್ಲೈಡುಗಳನ್ನು ಯಾರು ಮಾಡಿದ್ದು ಎಂದು ಪರೀಕ್ಷಕರು ಕೇಳಿದರು.

"ನಾನೇ ಸಾರ್. ತಪ್ಪು ನಂದೇ."

ನಾನು ಅವರಿಂದ ಒಂದು ಮಾರು ದೂರದಲ್ಲಿ, ಹೊಸ ಬ್ಲೌಸ್ ಹಾಕಿಕೊಂಡು ನಿಂತಿದ್ದೆ. ಬಾಯಿ ಬಿಡಲಿಲ್ಲ. ನನ್ನ ಪಾಠ ಇನ್ನೂ ಆಗಬೇಕಿತ್ತು. ಅದರಲ್ಲಿ ಕನ್ನಡವೇ ಇರಲಿಲ್ಲವಾದ್ದರಿಂದ ಸುಸೂತ್ರವಾಗಿ ನಡೆಯಿತು, ಒಳ್ಳೆಯ ಅಂಕವೂ ಬಂತು. ಸಂಜೆ ಬಸ್ ಹತ್ತಿಸಲು ಬಂದ ಅಕ್ಕ, ಬೆಳಗಿನಿಂದ ಏನಾದರೂ ತಿಂದೆಯಾ ಎಂದು ಕೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜೂನ್‌ನಲ್ಲಿ ಆ ಶಾಲೆಯಿಂದ ಅವರಿಗೆ ಕರೆ ಬರಲಿಲ್ಲ. ಮನೆಯಲ್ಲೇ ಟ್ಯೂಷನ್ ಶುರು ಮಾಡಿದರು. ಅಕ್ಕಪಕ್ಕದ ತಮಿಳು, ತೆಲುಗು ಮನೆಗಳ ಮಕ್ಕಳಿಗೆಲ್ಲ ಇಂಗ್ಲಿಷ್. ನನಗೆ ಸರ್ಕಾರಿ ಕೆಲಸ ಸಿಕ್ಕಿತು. ಮೊದಲು ಫೋನು ಮಾಡುತ್ತಿದ್ದೆ, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ ಅದೂ ಇಲ್ಲ. ಭದ್ರಾವತಿಯ ಮೇಲೇ ಎಷ್ಟೋ ಸಲ ಹೋಗಿದ್ದೇನೆ. ಬಸ್ಸಿನಿಂದ ಇಳಿಯಲಿಲ್ಲ. ಪುರುಸೊತ್ತಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದೆ. ಸುಳ್ಳು. ಮುಖ ತೋರಿಸಲು ನಾಚಿಕೆ.

ಮಗಳು ಹೋದ ಮೇಲೆ ನೋಟ್‌ಬುಕ್ ಬಿಚ್ಚಿದೆ. ನಾನು ನೋಡಿದ್ದ ಹೆಜ್ಜೆಗಳು ನಲವತ್ತಕ್ಕೆ ಮುಗಿಯುತ್ತಿದ್ದವು. ಅದರ ಕೆಳಗೆ ಬೇರೆ ಇಂಕಿನಲ್ಲಿ ಇನ್ನೆರಡು. ಹೆಜ್ಜೆ ನಲವತ್ತೊಂದು, ಫಾಂಟನ್ನು ಪಾಠದ ಜೊತೆಗೇ ಒಯ್ಯುವುದು. ಹೆಜ್ಜೆ ನಲವತ್ತೆರಡು, ಹಿಂದಿನ ದಿನವೇ ಹೋಗಿ ಹಾಕಿ ನೋಡುವುದು, ಒಬ್ಬಳೇ ಆದರೂ ಸರಿ.

ಪೆನ್‌ಡ್ರೈವಿನಲ್ಲಿ ಎರಡೇ ಇದ್ದವು, ಫಾಂಟು ಮತ್ತು ಅಂಬಿಗನ ಪಾಠ. ನಾನು ಮಾಡಿಕೊಟ್ಟದ್ದಲ್ಲ. ಮೊದಲಿನಿಂದ ಕೊನೆಯವರೆಗೆ ಅವರೇ ಹೊಸದಾಗಿ ಮಾಡಿದ್ದರು, ಕಣ್ಣಿಗೆ ಹೊಡೆಯುವ ಹಸಿರು, ಗುಲಾಬಿ ಬಣ್ಣ ಬಳಿದು. ಟ್ಯೂಷನ್ ಮಕ್ಕಳು ಹೋದ ಮೇಲೆ ಮಗಳ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದರಂತೆ. ಯಾವ ಶಾಲೆಗಮ್ಮ ಎಂದು ಮಗಳು ಕೇಳಿದರೆ ನಕ್ಕುಬಿಡುತ್ತಿದ್ದರಂತೆ.

ಆ ಪಾಠ ಈಗ ಪುಸ್ತಕದಲ್ಲಿಲ್ಲ. ಆದರೂ ನಿನ್ನೆ ಒಂಬತ್ತನೇ ತರಗತಿಗೆ ಅದನ್ನೇ ಮಾಡಿದೆ. ಮೊನ್ನೆಯೇ ಹೋಗಿ ಫಾಂಟ್ ಹಾಕಿ ನೋಡಿಕೊಂಡಿದ್ದೆ. ಅಂಬಿಗ, ಹುಟ್ಟು, ದಡ... ಒಂದೊಂದು ಅಕ್ಷರವೂ ನೆಟ್ಟಗೆ ಬಂತು. ಮುಂದಿನ ಬೆಂಚಿನ ಹುಡುಗಿ, ಇದನ್ನು ನೀವೇ ಮಾಡಿದ್ದಾ ಮಿಸ್ ಎಂದು ಕೇಳಿದಳು.

"ಅಲ್ಲ. ನಮ್ಮಕ್ಕ ಮಾಡಿದ್ದು. ಹಿಂದೆ ಒಂದ್ಸಲ ನಾನು ಮಾಡ್ಕೊಟ್ಟಿದ್ದೆ, ಕೆಟ್ಟುಹೋಯ್ತು. ತಪ್ಪು ನಂದು."

ಎಷ್ಟೋ ವರ್ಷದ ಹಿಂದೆ ಆ ತರಗತಿಯಲ್ಲಿ ಹೇಳಬೇಕಾಗಿದ್ದ ಮಾತು. ಪಾಪ, ಅವಳಿಗೇನು ಗೊತ್ತು. ಅವರು ಈಗ ಯಾವ ಶಾಲೆಯಲ್ಲಿದ್ದಾರೆ ಎಂದು ಕೇಳಿದಳು. ಯಾವ ಶಾಲೆಯಲ್ಲೂ ಇಲ್ಲ ಎಂದು ಹೇಳಿ, ಬೋರ್ಡಿನ ಕಡೆ ತಿರುಗಿ ಮುಂದಿನ ಸ್ಲೈಡ್ ಒತ್ತಿದೆ.