ಈಶಾನ್ಯದ ಇಳಿಜಾರು

ಮುತ್ತಣ್ಣನ ಮುಂದೆ ಕಾಫಿ ಲೋಟ ಇಟ್ಟು ನೋಡಿ. ಅವನು ಕುಡಿಯುವುದಿಲ್ಲ, ಮೊದಲು ಬಗ್ಗಿ ನೋಡುತ್ತಾನೆ. ಕಾಫಿ ಲೋಟದ ಒಂದು ಅಂಚಿಗೆ ಎಳೆಯಷ್ಟು ಹತ್ತಿರವಿದ್ದರೆ ಸಾಕು, "ನಿಮ್ ಟೀಪಾಯಿ ವಾಲಿದೆ ಕಣ್ರೀ" ಎಂದು ಮನೆಯವರಿಗೆ ತಿಳಿಸಿ, ಅವರ ಮುಖ ಸಪ್ಪಗಾದ ಮೇಲೆ ನೆಮ್ಮದಿಯಾಗಿ ಕುಡಿಯುತ್ತಾನೆ. ನೆಂಟರ ಮನೆಯ ಅಡುಗೆಕಟ್ಟೆ, ಛತ್ರದ ಊಟದ ಮೇಜು, ನಾಗಸಂದ್ರ ಮೆಟ್ರೊ ನಿಲ್ದಾಣದ ಕಲ್ಲುಬೆಂಚು, ಯಾವುದೂ ಅವನ ಕಣ್ಣಿಗೆ ನೆಟ್ಟಗೆ ಕಂಡಿದ್ದಿಲ್ಲ. ನೆಟ್ಟಗಿದ್ದದ್ದು ಒಂದೇ, ಅದು ಮುತ್ತಣ್ಣ. ಇದನ್ನು ಅವನೇ ಹೇಳಿಕೊಂಡು ತಿರುಗುತ್ತಿದ್ದುದರಿಂದ ಬೇರೆಯವರಿಗೆ ಹೇಳುವ ಕಷ್ಟ ತಪ್ಪಿತ್ತು.

ಮನೆಯಲ್ಲಿ ಹೆಂಡತಿ ವನಜಾ ದೋಸೆ ಹುಯ್ಯುವ ಒಲೆಯ ಕಾಲಿಗೂ ಅವನು ಹಳೆಯ ಲಗ್ನಪತ್ರಿಕೆ ಮಡಚಿ ಒತ್ತು ಕೊಟ್ಟಿದ್ದ. ಹಿಟ್ಟು ಒಂದೇ ಕಡೆ ಜಾರುತ್ತದಂತೆ. "ದೋಸೆ ಲೆವೆಲ್ ಆಯ್ತು, ಇನ್ನು ತಿನ್ನೋರ ಬುದ್ಧಿ ಒಂದು ಲೆವೆಲ್ ಆಗ್ಲಿ" ಎಂದು ವನಜಾ ಹೇಳಿದ್ದಳು. ಅದನ್ನವನು ಹೊಗಳಿಕೆಯ ಲೆಕ್ಕಕ್ಕೇ ಹಾಕಿಕೊಂಡಿದ್ದ.

ಈ ಜಂಬ ಆಕಾಶದಿಂದ ಬಿದ್ದದ್ದಲ್ಲ. ಪೀಣ್ಯದಲ್ಲಿ ವೆಂಕಟೇಶಪ್ಪನವರದ್ದೊಂದು ದೊಡ್ಡ ಶೆಡ್ಡಿದೆ. ಅವರಪ್ಪನ ಕಾಲಕ್ಕೆ ಅಲ್ಲಿ ರಾಗಿ ಬೆಳೆಯುತ್ತಿತ್ತು, ಇವರ ಕಾಲಕ್ಕೆ ಬಾಡಿಗೆ ಬೆಳೆಯಿತು. ಗ್ರೈಂಡಿಂಗ್ ಮಷೀನುಗಳ ಕಾರ್ಖಾನೆಯೊಂದು ಆ ಶೆಡ್ಡಿನಲ್ಲಿತ್ತು, ಮುತ್ತಣ್ಣ ಅಲ್ಲಿ ಫಿಟ್ಟರ್. ಆನೆತೂಕದ ಮಷೀನಿನ ಮೇಲೆ ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಲ್ಲುವ ತನಕ ಮಟ್ಟ ಮಾಡುವುದು ಅವನ ಕೆಲಸ. ಆಮೇಲೆ ಕಾರ್ಖಾನೆ ತುಮಕೂರಿನ ಆಚೆಗೆ ಹೊರಟುಹೋಯಿತು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು. ಯಾರೋ ವೆಂಕಟೇಶಪ್ಪನವರ ಕಿವಿಯಲ್ಲಿ "ಗೌಡ್ರೇ, ಈಗೆಲ್ಲಾ ಪೂಲ್ ಕ್ಲಬ್ಬೇ" ಎಂದು ಊದಿದರು. ಶೆಡ್ಡಿಗೆ ಕಪ್ಪು ಬಣ್ಣ ಬಳಿದು, ನೀಲಿ ದೀಪ ಹಾಕಿ, ನಾಲ್ಕು ಟೇಬಲ್ ತರಿಸಿದರು. ಮಷೀನುಗಳು ಹೋದವು, ಮುತ್ತಣ್ಣ ಉಳಿದ.

ಪೂಲ್ ಟೇಬಲ್ ಎಂದರೆ ಹಸಿರು ಬಟ್ಟೆ ಹೊದಿಸಿದ ಮಂಚ ಎಂದುಕೊಂಡವರಿಗೆ ಅವನು ಪಾಠ ಹೇಳದೆ ಬಿಡುತ್ತಿರಲಿಲ್ಲ. ಬಟ್ಟೆಯ ಕೆಳಗೆ ಸ್ಲೇಟು ಕಲ್ಲಿನ ಮೂರು ಚಪ್ಪಡಿ, ಚಪ್ಪಡಿಗಳ ಸಂದಿಯಲ್ಲಿ ಮೇಣ, ಕಾಲುಗಳಿಗೆ ಎತ್ತರ ಏರಿಸಿ ಇಳಿಸುವ ಬೋಲ್ಟು. ಹೊರಗೆ ಕಂಟೇನರ್ ಲಾರಿ ಓಡಾಡಿ ನೆಲ ನಡುಗಿದರೂ ಸಾಕು, ಟೇಬಲ್ ಒಂದು ಕೂದಲು ಸರಿಯುತ್ತದೆ. ಜೋರಾಗಿ ಹೊಡೆದ ಚೆಂಡಿಗೆ ಅದರ ಪರಿವೆ ಇರುವುದಿಲ್ಲ. ಮೆಲ್ಲಗೆ ಹೊರಟ ಚೆಂಡು ಮಾತ್ರ ಕೊನೆಯ ಗೇಣಿನಲ್ಲಿ ದಾರಿ ಬಿಡುತ್ತದೆ, ಪಂದ್ಯ ಸೋಲುವುದೂ ಗೆಲ್ಲುವುದೂ ಆ ಗೇಣಿನಲ್ಲೇ. "ನನ್ ಟೇಬಲ್ ಮೇಲೆ ಚೆಂಡು ಸುಳ್ಳು ಹೇಳಲ್ಲ" ಎಂಬುದು ಅವನ ಪಲ್ಲವಿ. ಜನ ಅವನನ್ನು ಲೆವೆಲ್ ಮುತ್ತಣ್ಣ ಎಂದು ಕರೆಯತೊಡಗಿದರು. ಆ ಹೆಸರು ಕೇಳಿದಾಗಲೆಲ್ಲ ಅವನ ಎದೆ ಮಾತ್ರ ಲೆವೆಲ್ ತಪ್ಪಿ ಉಬ್ಬುತ್ತಿತ್ತು.

ಮೊದಲ ವರ್ಷ ಕ್ಲಬ್ಬಿನಲ್ಲಿ ಗಿರಾಕಿಗಳಿಗಿಂತ ಸೊಳ್ಳೆಗಳೇ ಜಾಸ್ತಿ. ಎದುರಿನ ರಸ್ತೆಯನ್ನು ಅಗೆದು ಹಾಗೇ ಬಿಟ್ಟಿದ್ದರು, ಪಕ್ಕದ ಅಪಾರ್ಟ್‌ಮೆಂಟಿಗೆ ಇನ್ನೂ ಯಾರೂ ಬಂದಿರಲಿಲ್ಲ. ಇಷ್ಟು ಸರಳವಾದ ಕಾರಣವನ್ನು ವೆಂಕಟೇಶಪ್ಪನವರಂಥ ದೊಡ್ಡ ಮನುಷ್ಯರು ಒಪ್ಪುವುದುಂಟೇ? ವಾಸ್ತು ಹೇಳುವ ಪ್ರಸನ್ನನನ್ನು ಕರೆಸಿದರು. ಅವನು ಮೊಬೈಲಿನಲ್ಲಿ ದಿಕ್ಸೂಚಿ ಹಿಡಿದು ಶೆಡ್ಡಿನ ನಡುವೆ ಒಂದು ಸುತ್ತು ತಿರುಗಿದ. ತಲೆ ತಿರುಗಿತೋ ಜ್ಞಾನ ಬಂತೋ, ಕಣ್ಣು ಟೇಬಲ್ಲಿನ ಮೇಲೆ ನಿಂತಿತು.

"ಗೌಡ್ರೇ, ನೀರು ಈಶಾನ್ಯಕ್ಕೆ ಹರೀಬೇಕು. ಸಂಪತ್ತೂ ನೀರಿನ ಹಾಗೇನೇ. ನಿಮ್ಮಲ್ಲಿ ನೋಡಿದ್ರೆ ಎಲ್ಲಾ ಮಟ್ಟಸ. ಒಳಗೆ ಬಂದ ಲಕ್ಷ್ಮಿ ಯಾವ ಕಡೆ ಹೋಗ್ಲಿ ಅಂತ ಗೊತ್ತಾಗ್ದೆ ನಿಂತ್ಬಿಟ್ಟಿದ್ದಾಳೆ."

"ಅಂಗಾರೆ ನೆಲ ಒಡೆಸ್ಬೇಕಾ?" ವೆಂಕಟೇಶಪ್ಪನವರು ಗಾಬರಿಯಾದರು.

"ನೆಲ ಯಾಕೆ? ನಾಲ್ಕು ಟೇಬಲ್ಲೂ ಈಶಾನ್ಯಕ್ಕೆ ಸ್ವಲ್ಪ ಇಳಿಜಾರಾದ್ರೆ ಸಾಕು."

ಮುತ್ತಣ್ಣನಿಗೆ ಮೈ ಉರಿದುಹೋಯಿತು. "ಟೇಬಲ್ಲಿಗೆ ಇರೋದೇ ಒಂದು ಗುಣ ಸಾರ್, ಮಟ್ಟಸವಾಗಿರೋದು. ಅದನ್ನೂ ಕಿತ್ಕೊಂಡ್ರೆ ಉಳಿಯೋದು ಬಟ್ಟೆ ಹೊದ್ದ ಬಂಡೆ."

ಪ್ರಸನ್ನ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಜನರ ವಾಸ್ತು ಅವನಿಗೆ ಮನೆಯ ವಾಸ್ತುವಿಗಿಂತ ಚೆನ್ನಾಗಿ ಗೊತ್ತಿತ್ತು. "ಒಂದೇ ಒಂದು ಕೂದಲಷ್ಟು ಅಣ್ಣ. ಲಕ್ಷ್ಮಿಗೆ ಗೊತ್ತಾಗ್ಬೇಕು, ಗಿರಾಕಿಗೆ ಗೊತ್ತಾಗ್ಬಾರ್ದು. ಅಷ್ಟು ನಾಜೂಕಿನ ಕೈ ಎಲ್ಲರಿಗೂ ಎಲ್ಲಿ ಬರುತ್ತೆ? ನಿಮ್ ಕೈಲಿ ಆಗಲ್ಲ ಅಂದ್ರೆ ಹೇಳಿ, ಬೇರೆ ಯಾರನ್ನಾದ್ರೂ ನೋಡೋಣ."

ಮುತ್ತಣ್ಣನ ಕೈಲಿ ಆಗುವುದಿಲ್ಲವೇ? ಅವನು ಆಗಲೇ ಸ್ಪಾನರ್ ತಂದು ಟೇಬಲ್ಲಿನ ಕೆಳಗೆ ತೂರಿಕೊಂಡ. ಸರಿಯಾದದ್ದನ್ನು ಯಾರು ಬೇಕಾದರೂ ಮಾಡಿಯಾರು, ತಪ್ಪನ್ನು ಇಷ್ಟು ನಿಖರವಾಗಿ ಮಾಡಲು ಮುತ್ತಣ್ಣನೇ ಬೇಕಿತ್ತು. ಗುಳ್ಳೆ ನಡುಗೆರೆಯಿಂದ ಒಂದು ಕೂದಲು ಸರಿದು ನಿಂತಾಗ ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಕೆಲವು ತಿಂಗಳಿಗೆ ರಸ್ತೆಗೆ ಡಾಂಬರು ಬಿತ್ತು, ಅಪಾರ್ಟ್‌ಮೆಂಟಿಗೆ ಜನ ಬಂದರು, ಕ್ಲಬ್ಬು ತುಂಬಿತು. ಡಾಂಬರಿಗೆ ಯಾರೂ ಕೈ ಮುಗಿಯಲಿಲ್ಲ. ಪ್ರಸನ್ನನಿಗೆ ಶಾಲು ಹೊದಿಸಿದರು.

ಬಂದ ಗಿರಾಕಿಗಳು ತೆಂಗಿನಕಾಯಿ ಒಡೆಯುವ ರಭಸದಲ್ಲಿ ಚೆಂಡಿಗೆ ಹೊಡೆಯುತ್ತಿದ್ದರು, ಇಳಿಜಾರು ಯಾರಿಗೂ ತಿಳಿಯಲಿಲ್ಲ. ಆದರೆ ಅದೇ ಟೇಬಲ್ಲಿನ ಮೇಲೆ ಮುತ್ತಣ್ಣನ ಮಗಳು ದಿವ್ಯಾ ಆಟ ಕಲಿತಳು. ಕಾಲೇಜು ಮುಗಿಸಿ ಬಂದು, ಕ್ಲಬ್ಬು ಖಾಲಿಯಿದ್ದ ಹೊತ್ತಿನಲ್ಲಿ ಕೋಲು ಹಿಡಿಯುತ್ತಿದ್ದಳು. ಅವಳ ಕೈ ಮೃದು. ಚೆಂಡನ್ನು ಹೊಡೆಯುತ್ತಿದ್ದಳು ಎನ್ನುವುದಕ್ಕಿಂತ ಕಳಿಸಿಕೊಡುತ್ತಿದ್ದಳು. ಅಂಥ ಚೆಂಡೇ ಇಳಿಜಾರಿನ ಮಾತು ಕೇಳುವುದು. ಅವಳಿಗೆ ಹೇಳಿಬಿಡಬೇಕು ಎಂದು ಮುತ್ತಣ್ಣನಿಗೆ ಅನಿಸದೆ ಇರಲಿಲ್ಲ. ಆದರೆ ಹೇಳಿದರೆ ಲೆವೆಲ್ ಮುತ್ತಣ್ಣ ಮನೆಯಲ್ಲೇ ಬರೀ ಮುತ್ತಣ್ಣನಾಗಿ ಉಳಿದುಬಿಡುತ್ತಿದ್ದ. ಅವಳಿಗೆ ಅಭ್ಯಾಸವಾಗಿದೆಯಲ್ಲ, ಇರಲಿ ಬಿಡು ಎಂದುಕೊಂಡ.

ಒಮ್ಮೆ ಅವಳು ಮಲ್ಲೇಶ್ವರದ ಕಡೆ ಒಂದು ಕ್ಲಬ್ಬಿಗೆ ಪಂದ್ಯಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದಳು. "ಅವರ ಟೇಬಲ್ ಸರಿಯಿಲ್ಲ ಪುಟ್ಟಿ, ವಾಲಿರುತ್ತೆ" ಎಂದು ಮುತ್ತಣ್ಣ ಕಣ್ಣು ಮಿಟುಕಿಸದೆ ಹೇಳಿದ. ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಇರ್ಬಹುದು ಅಪ್ಪಾ" ಎಂದಳು. ಅದಾದ ವಾರಕ್ಕೆ ಅವನನ್ನು ಹಟಮಾಡಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಓದುವುದಕ್ಕೆ ಮಾತ್ರ ಕನ್ನಡಕ ಸಾಕು ಎಂದು ಡಾಕ್ಟರು ಹೇಳಿದರೂ, ಟೇಬಲ್ ಕೆಲಸಕ್ಕೂ ಹಾಕಿಕೋ ಎಂದು ಗಂಟುಬಿದ್ದಳು. ಬೆಳಕು ಸಾಲದೇನೋ ಎಂದು ಒಂದು ಟಾರ್ಚನ್ನೂ ತಂದುಕೊಟ್ಟಳು. ಮಗಳಿಗೆ ಅಪ್ಪನೆಂದರೆ ಎಷ್ಟು ಪ್ರಾಣ ಎಂದು ಮುತ್ತಣ್ಣ ಬೀದಿಯಲ್ಲೆಲ್ಲ ಸಾರಿಕೊಂಡು ಬಂದ.

ಹೀಗಿರುವಾಗ ರಾಜ್ಯಮಟ್ಟದ ಪ್ರೊಫೆಷನಲ್ ಟೂರ್ನಿಯೊಂದು ವೆಂಕಟೇಶಪ್ಪನವರ ಕ್ಲಬ್ಬಿಗೇ ಬಂತು. ಹೆಂಗಸರ ವಿಭಾಗದಲ್ಲಿ ಗೆದ್ದವಳಿಗೆ ರಾಷ್ಟ್ರಮಟ್ಟಕ್ಕೆ ದಾರಿ. ಮನೆಯಂಗಳದ ಆಟ ಎಂದು ದಿವ್ಯಾ ಹೆಸರು ಕೊಟ್ಟಳು. ರೆಫರಿ ರುದ್ರೇಶ್ ದಾವಣಗೆರೆ ಕಡೆಯವರು, ನಗುವನ್ನು ಊರಲ್ಲೇ ಬಿಟ್ಟು ಬಂದವರು. ಟೇಬಲ್ ಎಳ್ಳಷ್ಟು ವಾಲಿದ್ದರೂ ಪಂದ್ಯ ನಡೆಸುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ವೆಂಕಟೇಶಪ್ಪನವರು ಬೇಡ ಬೇಡ ಎನ್ನುತ್ತಲೇ ಒಪ್ಪಿದರು. ಮುತ್ತಣ್ಣ ನಾಲ್ಕೂ ಟೇಬಲ್ಲಿನ ಈಶಾನ್ಯವನ್ನು ಎತ್ತಿ ನಿಲ್ಲಿಸಿದ. ರುದ್ರೇಶ್ ತಮ್ಮ ಡಿಜಿಟಲ್ ಲೆವೆಲ್ ಇಟ್ಟು ನೋಡಿ, "ಇಂಥಾ ಟೇಬಲ್ ನಾನು ಎಲ್ಲೂ ನೋಡಿಲ್ರಿ" ಎಂದರು. ಆ ಮಾತು ಅವನ ಕಿವಿಯಲ್ಲಿ ರಾತ್ರಿಯೆಲ್ಲ ನಾದಸ್ವರದಂತೆ ಊದುತ್ತಿತ್ತು.

ನಾದಸ್ವರ ನಿಂತದ್ದು ಪಂದ್ಯದ ದಿನ ಬೆಳಿಗ್ಗೆ, ಮಗಳು ದೋಸೆ ತಿನ್ನಲು ಎದುರಿಗೆ ಕೂತಾಗ. ಅವಳ ಕೈ ಕಲಿತದ್ದು ಇಳಿಜಾರಿನ ಲೆಕ್ಕ, ಇವತ್ತು ಇಳಿಜಾರೇ ಇಲ್ಲ. ಹೇಳಬೇಕು. ಬಾಯಿ ತೆರೆದ.

"ಇವತ್ತು ಸ್ವಲ್ಪ ನೇರವಾಗಿ ಹೊಡಿ ಪುಟ್ಟಿ."

"ನೇರವಾಗೇ ಹೊಡೀತೀನಲ್ಲಪ್ಪ ದಿನಾ."

"ಹೂಂ, ಹಾಗೇ ಹೊಡಿ" ಎಂದು ಮುತ್ತಣ್ಣ ಚಟ್ನಿ ಹಾಕಿಸಿಕೊಂಡ. ಹೇಳಬೇಕಾದ್ದನ್ನು ಹೇಳಿಯಾಯಿತು ಎಂದು ತನಗೆ ತಾನೇ ಸರ್ಟಿಫಿಕೇಟು ಕೊಟ್ಟುಕೊಂಡ.

ಮೊದಲು ಐದು ಗೇಮ್ ಗೆದ್ದವರಿಗೆ ಪಂದ್ಯ. ದಿವ್ಯಾ ಮೆಲ್ಲಗೆ ಕಳಿಸಿದ ಚೆಂಡು ದಿನಾ ಬಾಗುವ ಕಡೆ ಬಾಗಲಿಲ್ಲ. ನೆಟ್ಟಗೆ ಹೋಗಿ ಪಾಕೆಟ್ಟಿನ ಅಂಚಿಗೆ ತಗುಲಿ, ಪರಿಚಯವೇ ಇಲ್ಲದವರಂತೆ ಆಚೆ ಸರಿಯಿತು. ಅವಳು ತನ್ನ ಕೈ ನೋಡಿಕೊಂಡಳು, ಕೋಲಿನ ತುದಿಗೆ ಇನ್ನಷ್ಟು ಚಾಕ್ ಹಚ್ಚಿದಳು. ಮತ್ತೆ ಹಾಗೇ ಆಯಿತು. ನಾಲ್ಕು ಗೇಮ್ ಕೈಬಿಟ್ಟವು. ಮುತ್ತಣ್ಣ ಗೋಡೆಗೆ ಒರಗಿ ನಿಂತಿದ್ದ. ತನ್ನ ಬದುಕಿನಲ್ಲೇ ಅತ್ಯಂತ ಮಟ್ಟಸವಾದ ಟೇಬಲ್ ಕಣ್ಣೆದುರು ಮಗಳನ್ನು ಸೋಲಿಸುತ್ತಿತ್ತು.

ಆಗ ಮುಂದಿನ ಸೋಫಾದಲ್ಲಿ ಬಿಳಿ ಪಂಚೆಯಲ್ಲಿ ಕುಳಿತಿದ್ದ ವೆಂಕಟೇಶಪ್ಪನವರಿಗೆ ತಡೆಯಲಾಗಲಿಲ್ಲ. ಅವರ ಪ್ರಕಾರ ಅವರು ಸಹಾಯ ಮಾಡುತ್ತಿದ್ದರು.

"ಲೇ ಮುತ್ತಣ್ಣ, ಅದ್ಕೇ ಕಣೋ ನಾನ್ ಏಳಿದ್ದು, ಈಶಾನ್ಯದ್ ಇಳಿಜಾರು ತೆಗೀಬ್ಯಾಡ ಅಂತ! ಇಷ್ಟು ವರ್ಸ ವಾಲ್ಸಿ ಇಟ್ಟಿದ್ದಾಗ ಮಗೀಗೆ ಎಂಗೆ ಬೀಳ್ತಿತ್ತು ಚೆಂಡು! ಈಗ ನೋಡು!"

"ಗೌಡ್ರೇ, ಸುಮ್ನೆ ಕೂತ್ಕೊಳ್ರಿ" ಎಂದ ರುದ್ರೇಶ್, ಮುತ್ತಣ್ಣನನ್ನು ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ಆ ನೋಟದಲ್ಲಿ ನಿನ್ನೆಯ ಹೊಗಳಿಕೆ ಬಡ್ಡಿ ಸಮೇತ ವಾಪಸ್ ಹೋಯಿತು.

ಗೇಮುಗಳ ನಡುವಿನ ಬಿಡುವಿನಲ್ಲಿ ದಿವ್ಯಾ ನೀರಿನ ಬಾಟಲಿಗೆಂದು ಅಪ್ಪನ ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ಬೇಕೂಂತಲೇ ವಾಲಿಸಿದ್ದಾ ಅಪ್ಪಾ?"

ಮುತ್ತಣ್ಣ ತಲೆ ತಗ್ಗಿಸಿದ.

"ವಾಲಿದೆ ಅಂತ ನಂಗೆ ಗೊತ್ತಿತ್ತು. ಮಲ್ಲೇಶ್ವರದಲ್ಲಿ ಆಡಿದ ದಿನಾನೇ ಗೊತ್ತಾಯ್ತು. ನಿಂಗೆ ಕಣ್ಣು ಮಂಜಾಗಿದೆ, ಗುಳ್ಳೆ ಸರಿಯಾಗಿ ಕಾಣ್ತಿಲ್ಲ ಅಂದ್ಕೊಂಡೆ. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ. ರೆಫರಿ ಸರಿಯಿದೆ ಅಂದಾಗ್ಲೂ, ಅವ್ರೂ ನಿನ್ ಹೆಸರು ನೋಡಿ ನಂಬಿರ್ತಾರೆ, ನೀನು ಯಾವಾಗಿನ ಹಾಗೇ ಇಟ್ಟಿರ್ತೀಯ ಅಂತ ಹಾಗೇ ಆಡ್ದೆ." ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು. "ಕಣ್ಣು ಹೋಗಿದ್ದಿದ್ರೇ ಚೆನ್ನಾಗಿತ್ತು ಅಪ್ಪಾ."

ಕನ್ನಡಕ, ಟಾರ್ಚು, ಡಾಕ್ಟರ ಬಾಗಿಲಲ್ಲಿ ಅವಳು ಕಾದು ಕೂತ ಬೆಳಗು, ಎಲ್ಲವೂ ಒಟ್ಟಿಗೆ ಬಂದು ಮುತ್ತಣ್ಣನ ಎದೆಗೆ ಗುದ್ದಿದವು. ಮಗಳು ಅಪ್ಪನ ಮಾನ ಕಾಯಲು ತನ್ನ ಆಟವನ್ನೇ ಬಗ್ಗಿಸಿಕೊಂಡಿದ್ದಳು. ಅಪ್ಪ ಕಾದದ್ದೂ ತನ್ನ ಮಾನವನ್ನೇ.

ಲೆಕ್ಕ ಗೊತ್ತಾದ ಮೇಲೆ ದಿವ್ಯಾ ಬೇರೆಯೇ ಹುಡುಗಿಯಂತೆ ಆಡಿದಳು. ನಾಲ್ಕು ಗೇಮ್ ಗೆದ್ದು ಸಮ ಮಾಡಿಕೊಂಡಳು. ಕೊನೆಯ ಗೇಮಿನ ಕೊನೆಯ ಚೆಂಡಿಗೆ ಬಗ್ಗಿದಾಗ, ವರ್ಷಗಟ್ಟಲೆ ಕಲಿತ ಕೈ ಅವಳನ್ನು ಕೇಳದೆ ಒಂದು ಕೂದಲು ಆಚೆ ಗುರಿಯಿಟ್ಟಿತು. ಚೆಂಡು ಪಾಕೆಟ್ಟಿನ ಬಾಯಲ್ಲಿ ಬಂದು ನಿಂತುಬಿಟ್ಟಿತು. ಎದುರಾಳಿ ಅದನ್ನು ಸುಮ್ಮನೆ ತಳ್ಳಿ ಪಂದ್ಯ ಮುಗಿಸಿದಳು. ದಿವ್ಯಾ ಎಲ್ಲರ ಕೈಕುಲುಕಿದಳು. ಮನೆಗೆ ಬಂದ ಮೇಲೆ ಅಪ್ಪನೊಂದಿಗೆ ಮಾತು ಬಿಟ್ಟಳು.

ಟೂರ್ನಿಯ ಬ್ಯಾನರ್ ಇಳಿಸಿದ್ದೇ ತಡ, ವೆಂಕಟೇಶಪ್ಪನವರು ಅಪ್ಪಣೆ ಕೊಡಿಸಿದರು. "ಆಟ ಮುಗೀತಲ್ಲ, ಈಶಾನ್ಯ ಮೊದ್ಲಿದ್ದಂಗೆ ಮಾಡ್ಬುಡು." ಮುತ್ತಣ್ಣ ಟೇಬಲ್ಲಿನ ಕೆಳಗೆ ತೂರಿದ. ಸ್ಪಾನರ್ ಕಿರುಗುಟ್ಟಿಸುತ್ತ ಬೋಲ್ಟನ್ನು ಆ ಕಡೆ ತಿರುಗಿಸಿದ, ಅಷ್ಟೇ ಸದ್ದು ಮಾಡುತ್ತ ಈ ಕಡೆ ತಿರುಗಿಸಿದ. ನಾಲ್ಕೂ ಟೇಬಲ್ಲಿಗೆ ಹಾಗೇ ಮಾಡಿ, ಬೆವರೊರೆಸಿಕೊಂಡು ಎದ್ದ. "ಆಯ್ತು ಗೌಡ್ರೇ, ಒಂದು ಕೂದಲು." ಪ್ರಸನ್ನ ಬಂದು ಬಟ್ಟೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, "ನೋಡಿ, ಈಗ ಹರೀತಾ ಇದೆ" ಎಂದ. ವೆಂಕಟೇಶಪ್ಪನವರಿಗೆ ಮೈ ಜುಮ್ಮೆಂದಿತು.

ಸಂಜೆ ದಿವ್ಯಾ ಬಂದಳು. ಅಪ್ಪನ ಕಡೆ ನೋಡದೆ ಒಂದು ಚೆಂಡನ್ನು ಟೇಬಲ್ಲಿನ ನಡುವೆ ಇಟ್ಟು, ಈಶಾನ್ಯದ ಪಾಕೆಟ್ಟಿನ ಕಡೆ ಬೆರಳಲ್ಲಿ ಮೆಲ್ಲಗೆ ದೂಡಿದಳು. ಚೆಂಡು ಅವಳು ಕಳಿಸಿದ ದಾರಿಯಲ್ಲೇ ಉರುಳಿ, ಎತ್ತಲೂ ವಾಲದೆ ನಿಂತಿತು. ಅವಳು ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದಳು. ವೆಂಕಟೇಶಪ್ಪನವರು ಕೂತಿದ್ದ ಸೋಫಾದ ಕಡೆ ಒಮ್ಮೆ ಕಣ್ಣು ಹಾಯಿಸಿ, ಅಪ್ಪನ ಪಕ್ಕಕ್ಕೆ ಬಂದಳು.

"ಕಣ್ಣು ಸರಿಹೋಯ್ತಾ ಅಪ್ಪಾ?"

ಮುತ್ತಣ್ಣ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

"ಸರಿಹೋಯ್ತು ಪುಟ್ಟಿ. ಗೌಡ್ರಿಗೆ ಹೇಳ್ಬೇಡ."